ರಂಗಲಕ್ಷ್ಮಮ್ಮನವರ ಸ್ಪೀಕರ್

“ಇನ್ನೂ ಬಲಗಡೆಯಿಂದ್ಲೇ ಬರ್ತೈತೆ ಕಣಪ್ಪಾ,” ಎಂದರು ರಂಗಲಕ್ಷ್ಮಮ್ಮ, ಸೋಫಾದಲ್ಲಿ ಕೂತಲ್ಲಿಂದಲೇ.

ಟಿ.ವಿ. ಮುಂದೆ ಮಂಡಿಯೂರಿ ಕೂತಿದ್ದ ರೇಣುಕಾಪ್ರಸಾದ್ ನಿಟ್ಟುಸಿರುಬಿಟ್ಟ. ಶೆಟ್ಟಿಹಳ್ಳಿಯ ಈ ಮನೆಗೆ ಬರುತ್ತಿರುವುದು ಇದು ಮೂರನೇ ಸಲ. ಟಿ.ವಿ.ಯ ಎರಡು ಬದಿಗೆ ಸೊಂಟದೆತ್ತರದ ಎರಡು ಸ್ಪೀಕರ್. ಎಷ್ಟು ದೂರ ಇಡಬೇಕು, ಸೋಫಾದ ಕಡೆ ಎಷ್ಟು ತಿರುಗಿಸಬೇಕು, ಅವನ ಕೆಲಸ ಅಷ್ಟೇ. ಸರಿಯಾಗಿ ಕೂರಿಸಿದರೆ ಮಾತು ಎಡದಿಂದಲೂ ಅಲ್ಲ, ಬಲದಿಂದಲೂ ಅಲ್ಲ, ಪರದೆಯ ನಟ್ಟನಡುವೆ ಮಾತಾಡುವವರ ಬಾಯಿಂದಲೇ ಬಂದಂತೆ ಕೇಳಬೇಕು. ಹಾಗೇ ಕೂರಿಸಿ ಹೋಗಿದ್ದ. ಎರಡು ಸಲ.

ಬೆಳಿಗ್ಗೆ ಅಂಗಡಿಯ ಮಾಲೀಕ ಜಯಪ್ರಕಾಶ್ ಫೋನ್ ಮಾಡಿದ್ದರು. ಎಡಗಿವಿಗೂ ಭುಜಕ್ಕೂ ನಡುವೆ ಮೊಬೈಲ್ ಸಿಕ್ಕಿಸಿಕೊಂಡು ಶೂ ಲೇಸು ಕಟ್ಟುತ್ತಲೇ ಕೇಳಿಸಿಕೊಂಡಿದ್ದ.

“ಗುಬ್ಬಿ ಪಾರ್ಟಿ ಸೌಂಡ್ ಸರಿ ಇಲ್ಲ ಅಂದ್ರು. ಕುಣಿಗಲ್ ಡಾಕ್ಟ್ರೂ ಅಂದ್ರು. ಈಗ ಈಯಮ್ಮ. ಇವತ್ತು ಇವ್ರು ಓಕೆ ಅನ್ಲಿಲ್ಲ ಅಂದ್ರೆ ಫಿಟ್ಟಿಂಗ್ ಬುಟ್ಬುಡು ಪ್ರಸಾದ. ಗೋಡೌನ್ ನೋಡ್ಕೊ.”

ಗೋಡೌನಂತೆ. ಡಬ್ಬ ಎತ್ತಿಡೋಕೆ. ಚೇಳೂರಿನ ಮೈಕ್‌ಸೆಟ್ಟಿಗೆ ಸೇರಿ, ಹಾರನ್ ಕಟ್ಟಿದ ಕಂಬದ ಬುಡದಲ್ಲೇ ಉಂಡು, ಅಲ್ಲೇ ಮಲಗಿ ಕಲಿತ ವಿದ್ಯೆ ಅವನದು. ಇಪ್ಪತ್ತೆರಡು ವರ್ಷವಾಯಿತು. ಈಗಿನವರು ಸದ್ದು ಅಳೆಯುವ ಮೀಟರ್ ಇಟ್ಟು, ಮೊಬೈಲ್ ನೋಡಿಕೊಂಡು ಸ್ಪೀಕರ್ ಕೂರಿಸುತ್ತಾರೆ. ಪ್ರಸಾದನಿಗೆ ಕೊಟ್ಟ ಮೀಟರ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಕಿವಿ ಇರುವವನಿಗೆ ಅದ್ಯಾಕೆ?

ಆದರೆ ಈಚೆಗೆ ಸುಸ್ತು. ಎಡಮಗ್ಗುಲಾಗಿ ಬಿದ್ದನೆಂದರೆ ಮುಗಿಯಿತು, ಕುಕ್ಕರ್ ನಾಲ್ಕು ಸಲ ಕೂಗಿದರೂ ಎಚ್ಚರವಿಲ್ಲ. “ಕರೆದ್ರೆ ಓ ಅನ್ನೋಕೂ ನಿಮಗೆ ಬೇಜಾರು,” ಎಂದು ಹೆಂಡತಿ ನೇತ್ರಾವತಿ ಮುನಿಸಿಕೊಂಡು ವಾರವಾಯಿತು. ಇವತ್ತು ಬೈಕಿನಲ್ಲಿ ಬರುವಾಗ ಬಿ.ಎಚ್. ರಸ್ತೆಯಲ್ಲಿ ಬಸ್ಸೊಂದು ಬಲ ಮೊಣಕೈಗೆ ತಗಲುವಷ್ಟು ಹತ್ತಿರ ನುಗ್ಗಿ ಹೋಗಿತ್ತು. ಹಾರನ್ ಹೊಡೆಯೋಕೇನು ರೋಗ ಇವಕ್ಕೆ ಎಂದು ಬೈದುಕೊಂಡಿದ್ದ.

ಬಲಗಡೆಯ ಸ್ಪೀಕರನ್ನು ಇನ್ನೊಂದು ಚೂರು ಸೋಫಾದತ್ತ ತಿರುಗಿಸಿದ. ಈ ಸಲ ಬಂದ ಲಾಟಿನಲ್ಲಿ ಬಲಗಡೆಯದು ಯಾಕೋ ಮಂಕು. ಅದಕ್ಕೇ ರಿಮೋಟಿನಲ್ಲಿ ಅದರ ದನಿಯನ್ನು ಎರಡು ಕಡ್ಡಿ ಏರಿಸಿಯೂ ಇದ್ದ. ಕೈ ಒರೆಸಿಕೊಳ್ಳಲು ಬಟ್ಟೆ ಹುಡುಕುವಾಗ ಪಕ್ಕದಲ್ಲಿ ಕಾಫಿ ಲೋಟ ಕಂಡಿತು. ಮೇಲೆ ಕೆನೆ ಕಟ್ಟಿತ್ತು.

“ಯಾವಾಗ ತಂದಿಟ್ರಮ್ಮಾ?”

“ಆಗ್ಲೇ. ಹೇಳಿದ್ನಲ್ಲಪ್ಪ.”

ಬೆಕ್ಕಿನ ಹೆಜ್ಜೆ ಈಯಮ್ಮನದು ಎಂದುಕೊಂಡು ತಣ್ಣನೆಯ ಕಾಫಿ ಕುಡಿದ. ಕುಡಿಯುತ್ತಾ ಅವರ ಎಡಗಿವಿಯ ಕಡೆ ನೋಡಿದ. ಕಿವಿಯ ಹಿಂದೆ ಅವರೆಕಾಳಿನಷ್ಟು ಮೆಷಿನ್ನು. ಹೋದ ಸಲವೇ ಕಂಡಿತ್ತು, ಬಾಯಿಬಿಡಲು ಸಂಕೋಚವಾಗಿತ್ತು. ಎಡಗಿವಿ ಹೋದವರಿಗೆ ಲೋಕವೆಲ್ಲ ಬಲಗಡೆಯಿಂದಲೇ ಮಾತಾಡುತ್ತದೆ. ಸ್ಪೀಕರ್ ಏನು ಮಾಡೀತು, ತಾನೇನು ಮಾಡಿಯಾನು?

ಇವತ್ತು ಕೇಳಿಯೇಬಿಟ್ಟ. “ಬೇಜಾರ್ ಮಾಡ್ಕಬೇಡಿ ಅಮ್ಮಾ. ಆ ಕಿವಿ ಯಾವಾಗಿಂದ ಹಿಂಗೆ?”

“ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಮೂವತ್ತು ವರ್ಷ ಅದೇ ಕಿವಿಗೆ ಹೆಡ್‌ಫೋನ್ ಹಾಕ್ದೋಳು ನಾನು. ಹೋಗಿದ್ದೇ ಗೊತ್ತಾಗ್ಲಿಲ್ಲ. ಜನಾನೇ ಮೆತ್ತಗೆ ಮಾತಾಡ್ತಾರೆ ಅಂದ್ಕಂಡಿದ್ದೆ.”

ಪಾಪ ಅನಿಸಿತು. ಆದರೆ ಗೋಡೌನ್ ನೆನಪಾಯಿತು.

“ಒಂದು ಕೆಲ್ಸ ಮಾಡಣ. ಒಂದೊಂದೇ ಕಿವಿ ಮುಚ್ಕಂಡು ಕೇಳಿ. ವ್ಯತ್ಯಾಸ ಆಯ್ತು ಅಂದ್ರೆ ಸ್ಪೀಕರ್ ತಪ್ಪಲ್ಲ ಅಂತ ನಮ್ಮ ಓನರ್‌ಗೆ ನೀವೇ ಹೇಳ್ಬುಡಿ. ನನ್ ಹೊಟ್ಟೆಪಾಡಮ್ಮ.”

ವಾರ್ತೆ ಓದುವವಳ ದನಿಯನ್ನು ಜೋರು ಮಾಡಿದ. ರಂಗಲಕ್ಷ್ಮಮ್ಮ ಹೇಳಿದಂತೆ ಕೇಳಿದರು. ಬಲಗಿವಿ ಮುಚ್ಚಿಕೊಂಡು, “ಕೇಳ್ತೈತೆ. ಮೆಷಿನ್ ಹೋದ ತಿಂಗ್ಳು ಹೊಸದು ಹಾಕ್ಸಿದ್ದು,” ಎಂದರು. ಎಡಗಿವಿ ಮುಚ್ಚಿಕೊಂಡು, “ಇದ್ರಲ್ಲೂ ಅಷ್ಟೇಯ,” ಎಂದರು.

ಪ್ರಸಾದನ ಮುಖ ಸಪ್ಪಗಾಯಿತು.

ಅವರು ಅವನನ್ನೇ ಒಂದು ಗಳಿಗೆ ನೋಡಿ, ಸೋಫಾದಿಂದ ಎದ್ದರು. “ಈಗ ನೀನು ಕೂತ್ಕೊ.”

“ನಾನ್ಯಾಕಮ್ಮ?”

“ಕೂತ್ಕೊಳಪ್ಪ. ಆಗ್ಲಿಂದ ಮಂಡಿ ಊರಿ ಸಾಕಾಗೈತೆ ನಿಂಗೂ.”

ಕೂತ. ಮೆತ್ತನೆ ಸೋಫಾ. ದನಿ ಪರದೆಯ ನಟ್ಟನಡುವಿನಿಂದ, ನೂಲು ಹಿಡಿದಂತೆ, ವಾರ್ತೆ ಓದುವವಳ ಬಾಯಿಂದಲೇ ಬರುತ್ತಿತ್ತು. ಇದಕ್ಕಿಂತ ಚೆನ್ನಾಗಿ ತುಮಕೂರಿನಲ್ಲಿ ಯಾವನು ಕೂರಿಸುತ್ತಾನೆ? ಕಣ್ಣು ತುಂಬಿಕೊಳ್ಳುವಷ್ಟು ನೆಮ್ಮದಿಯಾಯಿತು. ಬಲಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದ. ದನಿ ಇದ್ದಲ್ಲೇ ಇತ್ತು, ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

“ನೋಡಿದ್ರಾ? ಒಂಚೂರೂ ವ್ಯತ್ಯಾಸ ಇಲ್ಲ,” ಎಂದು ನಕ್ಕ.

ರಂಗಲಕ್ಷ್ಮಮ್ಮ ನಗಲಿಲ್ಲ. ಎದುರಿಗೆ ಬಂದು ನಿಂತರು. “ಆ ಕಡೇದು ಮುಚ್ಚು ಮಗ.”

ಎಡಗಿವಿ ಮುಚ್ಚಿದ.

ಪರದೆಯಲ್ಲಿ ವಾರ್ತೆ ಓದುವವಳ ತುಟಿ ಆಡುತ್ತಲೇ ಇತ್ತು, ಎದುರಿಗೆ ರಂಗಲಕ್ಷ್ಮಮ್ಮನವರದೂ. ಸದ್ದು ಮಾತ್ರ ಇರಲಿಲ್ಲ.