ಮಷಿನ್ನಿನೊಳಗಿನ ನೀರು

ಧೂಳಪ್ಪ ಮಷಿನ್ನಿನ ಒಳಬಾಗಿಲು ಮುಚ್ಚಿ, ಕಬ್ಬಿಣದ ಸರಳಿನ ಒಂದು ತುದಿಯನ್ನು ಅದರ ಮೇಲಿಟ್ಟು ಇನ್ನೊಂದು ತುದಿಗೆ ಕಿವಿ ಹಚ್ಚಿದ. ನೀರು ನುಗ್ಗುವ ಸಪ್ಪಳ ನಿಂತಿರಲಿಲ್ಲ. ಬಾಗಿಲು ತೆರೆದು ಮತ್ತೊಮ್ಮೆ ಬಿಗಿಯಾಗಿ ಮುಚ್ಚಿದ. ಸುಂಯ್ ಅನ್ನುವುದು ಹಾಗೆಯೇ ಇತ್ತು.

ನವಿ ಪೇಠೆಯ ಬಟ್ಟೆ ವ್ಯಾಪಾರಿ ಸಾತಲಿಂಗಪ್ಪನ ಮನೆಗೆ ಹೊಸ ನಳ ಕೂಡಿಸುವ ಕೆಲಸ. ಬಾಗಿಲ ಮುಂದೆಯೇ ಗುಂಡಿ, ಗುಂಡಿಯಲ್ಲಿ ಹಗಲೂ ರಾತ್ರಿ ನೀರು ತುಂಬಿರುವ ದೊಡ್ಡ ಪೈಪು, ಅದರ ಬೆನ್ನಿಗೆ ಸರಪಳಿಯಿಂದ ಬಿಗಿದ ಟ್ಯಾಪಿಂಗ್ ಮಷಿನ್ನು. ನೀರು ನಿಲ್ಲಿಸದೆಯೇ ಪೈಪಿಗೆ ತೂತು ಕೊರೆಯುವುದು ಅದರ ಹೆಚ್ಚುಗಾರಿಕೆ. ಕೊರೆದಾಗಿತ್ತು. ಇನ್ನು ಕೊರೆಯುವ ಸಲಾಕೆಯನ್ನು ಮೇಲಕ್ಕೆಳೆದು, ಒಳಬಾಗಿಲು ಮುಚ್ಚಿ, ನೀರು ನಿಂತಿದೆಯೆಂದು ಕಿವಿಯಿಂದ ಖಾತ್ರಿ ಮಾಡಿಕೊಂಡ ಮೇಲೆಯೇ ಮೇಲಿನ ಮುಚ್ಚಳವಾದ ಟೋಪಿ ಬಿಚ್ಚಬೇಕು. ಖಾತ್ರಿ ಮಾಡಿಕೊಳ್ಳದೆ ಬಿಚ್ಚಿದ್ದ ಜೊತೆ ಕೆಲಸಗಾರ ತುಕಾರಾಮನ ಎಡಗಣ್ಣಿಗೆ ನೀರಿನ ರಭಸಕ್ಕೆ ಸಲಾಕೆ ಹಾರಿ ಬಡಿದಿತ್ತು. ಅವನೀಗ ಅಕ್ಕಲಕೋಟ ರಸ್ತೆಯ ಸುಂಕದ ನಾಕಾದಲ್ಲಿ ಕೂತು ಉಳಿದೊಂದು ಕಣ್ಣಿನಿಂದ ಲಾರಿ ತಡೆಯುತ್ತಾನೆ.

ಧೂಳಪ್ಪನಿಗೆ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ತಲೆ ಕೆಟ್ಟಿತು. ನೆಲದಡಿ ಎಲ್ಲಿ ಸೋರುತ್ತಿದೆ ಎಂದು ಸರಳು ಹಚ್ಚಿ ಹೇಳುವವನು ಸೊಲ್ಲಾಪುರದಲ್ಲಿ ಅವನೊಬ್ಬನೇ ಎಂಬ ಮಾತಿತ್ತು. ಈಚೆಗಂತೂ ಕಿವಿ ಇನ್ನೂ ಚುರುಕಾದಂತಿತ್ತು. ಸರಳು ಹಚ್ಚಿದಲ್ಲೆಲ್ಲ ನೀರಿನ ಸಪ್ಪಳ. ವಯಸ್ಸಾದಂತೆ ಕಸುಬೆಲ್ಲ ಕಿವಿಗೆ ಇಳಿಯುತ್ತದೆ ಎಂದು ಹೆಂಡತಿ ರತ್ನಾಬಾಯಿಯ ಮುಂದೆ ಬಡಾಯಿ ಕೊಚ್ಚಿಕೊಂಡಿದ್ದ. ಆಕೆ ಏನೋ ಉತ್ತರ ಕೊಟ್ಟಿದ್ದಳು, ಅದು ಅವನಿಗೆ ಸರಿಯಾಗಿ ಕೇಳಿಸಿರಲಿಲ್ಲ.

ಜೊತೆಗಾರ ಮಲ್ಲಯ್ಯ ದೇವರಿಗೆಂದು ಹುಲಜಂತಿಗೆ ಹೋಗಿದ್ದ. ನೀರು ಸರಬರಾಜಿನ ಸಾಹೇಬರಿಗೆ ಹೇಳಿ ಕಳಿಸಬಹುದಿತ್ತು. ಆದರೆ ಧೂಳಪ್ಪ ಒಂದು ಮಷಿನ್ ಬಿಚ್ಚಲು ಸಾಹೇಬರನ್ನು ಕರೆಸಿದ ಎಂದು ನಾಳೆ ಎಲ್ಲರೂ ನಗುತ್ತಿದ್ದರು. ಕಟ್ಟೆಯ ಮೇಲೆ ಬೆಳಗಿನಿಂದ ಕೂತಿದ್ದವಳು ಸಾತಲಿಂಗಪ್ಪನ ತಾಯಿ ಅಕ್ಕನಾಗಮ್ಮ ಒಬ್ಬಳೇ.

"ಯಾಕ ತಮ್ಮಾ, ಸುಮ್ನ ಕುಂತಿ?" ಅಂದಳು ಮುದುಕಿ.

"ನೀರ ನಿಂದ್ರವಲ್ದ್ರಿ ಅವ್ವಾರ. ಒಳಬಾಗಲಾ ಸೋರಾಕತ್ತದ ಅನಸ್ತದ. ಸ್ವಲ್ಪ ಕಿವಿ ಹಚ್ಚಿ ನೋಡ್ರಿ."

ಅವನು ಸರಳನ್ನು ಮೇಲಕ್ಕೆ ಚಾಚಿದ. ಅಕ್ಕನಾಗಮ್ಮ ಸೆರಗು ಸರಿಸಿ, ಕಣ್ಣು ಮುಚ್ಚಿ, ಪುರಾಣ ಕೇಳುವವರ ಹಾಗೆ ಕಿವಿಗೊಟ್ಟಳು.

"ಏನೂ ಇಲ್ಲಲ್ಲೊ."

"ಸುಂಯ್ ಅನ್ನೂದಿಲ್ಲೇನ್ರಿ?"

"ಇಲ್ಲಪಾ."

ಧೂಳಪ್ಪನಿಗೆ ಸಮಾಧಾನವಾಗುವ ಬದಲು ಸಿಟ್ಟು ಬಂತು. ಎಂಬತ್ತರ ಮುದುಕಿಯ ಕಿವಿ ನಂಬಿ ಕಣ್ಣು ಕಳೆದುಕೊಳ್ಳುವುದೇ? ಅಷ್ಟರಲ್ಲಿ ಆಕೆ ಸರಳು ಬಿಟ್ಟು ಒಳಗೆ ತಿರುಗಿ, "ಸುಮಿತ್ರಾ, ಹಾಲು ಉಕ್ಕಾಕತ್ತಾವ ನೋಡ" ಅಂದಳು. ನಡುಮನೆ ದಾಟಿ ಹಿತ್ತಲ ಕಡೆ ಇತ್ತು ಅಡಿಗೆಮನೆ. ಸೊಸೆ ಸುಮಿತ್ರಾಬಾಯಿ ಓಡಿದ್ದು ಕಂಡಿತು. ಸೀದ ಹಾಲಿನ ವಾಸನೆಯೂ ಬಂತು. ಆದರೆ ಹಾಲು ಉಕ್ಕಿದ್ದಾಗಲೀ ಪಾತ್ರೆ ಇಳಿಸಿದ್ದಾಗಲೀ ಧೂಳಪ್ಪನಿಗೆ ಕೇಳಿರಲಿಲ್ಲ.

ಅವನು ಸರಳನ್ನು ಇನ್ನೊಮ್ಮೆ ಮಷಿನ್ನಿನ ಮೇಲಿಟ್ಟ. ನೀರಿತ್ತು. ಪೈಪಿನ ಮೇಲಿಟ್ಟ. ನೀರಿತ್ತು, ಇರಲೇಬೇಕು. ಆಮೇಲೆ ಯಾಕೆಂದು ತನಗೇ ಗೊತ್ತಾಗದೆ, ಗುಂಡಿಯಿಂದ ಅರ್ಧ ಮೇಲೆದ್ದು, ಮುದುಕಿ ಕೂತ ಕಟ್ಟೆಯ ಕಲ್ಲಿಗೆ ಸರಳು ಊರಿ ಕಿವಿ ಹಚ್ಚಿದ. ಅಲ್ಲಿಯೂ ನೀರಿತ್ತು.

"ಅವ್ವಾರ, ಇಲ್ಲಿ ಕೆಳಗ ಏನರ ಪೈಪ್ ಅದ ಏನ್ರಿ?"

"ಕಟ್ಟಿ ಕೆಳಗ ಎಂಥಾ ಪೈಪೊ? ಬರೇ ಹಾಸಗಲ್ಲ ಅದು. ನಮ್ಮ ಮಾವನಾರ ಹಾಸ್ಯಾರ."

ಧೂಳಪ್ಪ ಮತ್ತೆ ಗುಂಡಿಗೆ ಇಳಿದ. ಇಷ್ಟು ದಿನ ಸೋರುತ್ತದೆ ಎಂದು ತಾನು ತೋರಿಸಿದ ಜಾಗಗಳು, ಅಗೆದು ಅಗೆದು ಒಣಮಣ್ಣು ತೆಗೆದು ತನ್ನನ್ನೇ ಗುರುಗುಟ್ಟಿ ನೋಡಿದ ಆಳುಗಳು ನೆನಪಾದರು. ಹಾಗಾದರೆ ಈಗ ಮಷಿನ್ನಿನಲ್ಲಿ ನೀರು ಇದೆಯೋ ಇಲ್ಲವೋ? ಇದ್ದರೂ ಅದೇ ಸಪ್ಪಳ, ಇಲ್ಲದಿದ್ದರೂ ಅದೇ ಸಪ್ಪಳ. ಸರಳಿನ ತುದಿಯನ್ನು ಮತ್ತೆ ಮುದುಕಿಯ ಕೈಗೆ ಕೊಟ್ಟ.

"ಅವ್ವಾರ, ನಿಮ್ಮ ಕಿವಿ ಮ್ಯಾಲೆ ಬಿಚ್ಚಾಕತ್ತೀನ್ರಿ. ಖರೇ ಹೇಳ್ರಿ. ನಿಂತದೋ, ಹರ್ಯಾಕತ್ತದೋ?"

ಮುದುಕಿ ಈ ಸಲ ಮೊದಲು ಒಂದು ಕಿವಿ, ಆಮೇಲೆ ಇನ್ನೊಂದು ಕಿವಿ ಹಚ್ಚಿ ಕೇಳಿದಳು. ಇವನ ಮುಖದಲ್ಲಿ ಏನನ್ನೋ ಕಂಡಿರಬೇಕು.

"ನಿಂತದ ಮಗನ. ಬಿಚ್ಚು."

ಅವನು ಮುಖ ಪಕ್ಕಕ್ಕೆ ತಿರುಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ಟೋಪಿ ತಿರುವಿದ. ಒಂದು ಸುತ್ತು, ಇನ್ನೊಂದು ಸುತ್ತು. ಟೋಪಿ ಕೈಗೆ ಬಂತು. ಒಳಗೆ ಉಳಿದಿದ್ದ ಬೊಗಸೆ ನೀರು ತೋಳಿನ ಮೇಲೆ ಚೆಲ್ಲಿತು, ಅಷ್ಟೇ.

"ನಾ ಹೇಳಲಿಲ್ಲ?" ಅಂದಳು ಅಕ್ಕನಾಗಮ್ಮ. "ನಿಂತದ."

ಧೂಳಪ್ಪ ಒದ್ದೆ ಅಂಗೈಗಳಿಂದ ಎರಡೂ ಕಿವಿಗಳನ್ನು ಒತ್ತಿ ಮುಚ್ಚಿಕೊಂಡ. ನೀರು ಮೊದಲಿಗಿಂತ ಜೋರಾಗಿ ಹರಿಯತೊಡಗಿತು.