ಪಾಪನಿವೇದನೆಯ ತಾಲೀಮು

ಟೀಚರಮ್ಮ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿದ್ದೇ ತಡ, ಧರ್ಮೋಪದೇಶದ ತರಗತಿ ಕಿಸಕ್ಕನೆ ನಕ್ಕಿತು. ಮುಂದಿನ ಶನಿವಾರ ಚರ್ಚಿನ ಗುರುಗಳ ಮುಂದೆ ಮಕ್ಕಳ ಮೊದಲ ಪಾಪನಿವೇದನೆ. ಅದರ ತಾಲೀಮಿಗೆಂದು ಗುರುಗಳ ಕುರ್ಚಿಯಲ್ಲಿ ಕೂತಿದ್ದವಳು ತರಗತಿಯ ಬಾಯಿಬಡುಕಿ, ಒಂಬತ್ತು ವರ್ಷದ ಚೋಟುದ್ದದ ಹುಡುಗಿ. "ಹೇಳು ಮಗಳೇ, ಏನು ಪಾಪ ಮಾಡಿದ್ದೀಯ?" ಎಂದಳು, ದನಿ ದಪ್ಪ ಮಾಡಿಕೊಂಡು.

ಸಕ್ಕರೆ ಕದ್ದೆ ಎನ್ನುವುದು ಟೀಚರಮ್ಮ ಪ್ರತಿವರ್ಷ ತಾಲೀಮಿನಲ್ಲಿ ಒಪ್ಪಿಸುವ ಪಾಪ. ಹುಡುಗಿ ಥೇಟ್ ಟೀಚರಮ್ಮನ ಅಕ್ಕನ ಹಾಗೆ ಹುಬ್ಬೇರಿಸಿ ನೋಡುತ್ತಿದ್ದಳು; ಅದಕ್ಕೋ ಏನೋ, ಈ ಸಲ ನಾಲಿಗೆ ಬೇರೆ ದಾರಿ ಹಿಡಿಯಿತು. "ಅಕ್ಕನ ಮಗಳ ಮದುವೆಗೆ ಹೋಗ್ಲಿಲ್ಲ. ಜ್ವರ ಅಂತ ಸುಳ್ಳು ಹೇಳಿದೆ. ನನಗೆ ಹೊಟ್ಟೆಕಿಚ್ಚಿತ್ತು. ಮೂರು ವರ್ಷದಿಂದ ಅಕ್ಕನ ಹತ್ರ ಮಾತಿಲ್ಲ."

ನಗು ನಿಂತಿತು. ಹುಡುಗಿ ಮಾತ್ರ ಬಾಯಿಪಾಠ ಮಾಡಿದ ಕ್ರಮವನ್ನು ಬಿಡಲಿಲ್ಲ, ಒಂದೊಂದೇ ಬೆರಳು ಮಡಚಿದಳು.

"ಪಶ್ಚಾತ್ತಾಪ ಆಗಿದೆಯಾ?"

"ಆಗಿದೆ."

"ಇನ್ನು ಮಾಡಲ್ಲ ಅಂತ ನಿರ್ಧಾರ?"

"ಮಾಡಲ್ಲ."

"ಹಾಗಾದ್ರೆ ಉಳಿದಿದ್ದು ಪ್ರಾಯಶ್ಚಿತ್ತ. ನಿಮ್ಮಕ್ಕಂಗೆ ಈಗ್ಲೇ ಫೋನ್ ಮಾಡಿ."

"ಲೇ, ಇದು ತಾಲೀಮು ಕಣೇ!"

"ಪ್ರಾಯಶ್ಚಿತ್ತ ನಾಳೆಗೆ ಇಟ್ಕೋಬಾರದು ಅಂತ ಹೇಳಿಕೊಟ್ಟಿದ್ದು ನೀವೇ ಅಲ್ವಾ ಟೀಚರ್?"

ಇಪ್ಪತ್ತು ವರ್ಷದಿಂದ ಹೇಳಿಕೊಡುತ್ತಿದ್ದ ಮಾತು. ಟೀಚರಮ್ಮ ಮಂಡಿಯೂರಿದ್ದಲ್ಲೇ ಬ್ಯಾಗಿನಿಂದ ಫೋನ್ ತೆಗೆದರು. ಎರಡನೇ ರಿಂಗಿಗೇ ಅತ್ತಲಿಂದ ಉತ್ತರ ಬಂತು. "ಅಕ್ಕಾ..." ಎಂದರು ಟೀಚರಮ್ಮ.

"ಇರೇ, ಒಲೆ ಆರಿಸಿ ಬರ್ತೀನಿ," ಎಂದರು ಅಕ್ಕ. "ಫೋನ್ ಇಟ್ಟುಬಿಡಬೇಡ ಕಣೇ."