ಆಗಬೇಕಿದ್ದವಳು

ಮೂವತ್ತೈದು ತುಂಬಿದ ಮರುದಿನ, ಎಲ್ಲರ ಮನೆಯಲ್ಲೂ ಆಗುವಂತೆ, ವಾರಿಜಾಳ ಮನೆಗೂ ಅವಳು ಆಗಬೇಕೆಂದುಕೊಂಡಿದ್ದ ಇನ್ನೊಬ್ಬ ವಾರಿಜಾ ಬಂದು ನೆಲೆಸಿದ್ದಳು. ಇಸ್ತ್ರಿ ಕೆಡದ ಸೀರೆ, ಎಂದೂ ಏರದ ದನಿ. ಒಂದು ವರ್ಷ ಅವಳನ್ನು ನೋಡಿ ನೋಡಿ, ಅವಳಂತೆ ಶಾಲೆ ಮನೆ ಎರಡನ್ನೂ ತೂಗಿಸಲಾಗದೆ ಸೋತ ವಾರಿಜಾ, ತನಗೆ ಪ್ರಾಣವಾಗಿದ್ದ ಶಾಲೆಯ ಕೆಲಸವನ್ನೇ ಇಂದು ಬಿಟ್ಟುಬಿಡುವುದೆಂದು ನಿರ್ಧರಿಸಿದ್ದಳು.

ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಈರವ್ವಕ್ಕ ಆ ಸುದ್ದಿ ಕೇಳಿ, ಒಲೆಯ ಬಳಿ ನಿಂತಿದ್ದ ಇನ್ನೊಬ್ಬಳತ್ತ ತಿರುಗಿದರು. ತಮ್ಮ ಮನೆಗೂ ಹಾಗೇ ಬಂದಿದ್ದ, ತಾವು ಆಗಬೇಕಿದ್ದವಳನ್ನು ಅವರು ಎಂದೋ ಹಪ್ಪಳ ಒತ್ತಲು ಕೂರಿಸಿದ್ದರು.

"ಯವ್ವಾ, ಸಾಲಿಗೂ ಹೋಗ್ತಿ, ಮನೀನೂ ಥಳಥಳ ಇಡ್ತಿ. ಮಲಗೋದು ಯಾವಾಗ?"

"ಮಲಗುವುದಿಲ್ಲ."

"ಮಕ್ಕಳಿಗೆ ಜ್ವರ ಬಂದ್ರ?"

"ನನ್ನ ಮಕ್ಕಳಿಗೆ ಜ್ವರ ಬರುವುದಿಲ್ಲ."

ಈರವ್ವಕ್ಕ ವಾರಿಜಾಳ ಮುಖ ನೋಡಿದರು. "ಇಂಥಾಕಿ ಜೋಡಿ ಪಂಥ ಕಟ್ಟೀಯಲ್ಲ, ಶ್ಯಾಣ್ಯಾಕಿ."

ವರ್ಷವಿಡೀ ತಾನು ಕೇಳಲು ಅಂಜಿದ್ದನ್ನು ಇವರು ಬಟ್ಟಲು ಹಿಡಿದು ನಿಂತಲ್ಲೇ ಕೇಳಿ ಮುಗಿಸಿದ್ದು ಕಂಡು ವಾರಿಜಾ ಬೆರಗಾದಳು. ತೊಳೆಯದ ಪಾತ್ರೆಗಳನ್ನು ಹಾಗೇ ಬಿಟ್ಟು, ಚೀಲವನ್ನು ಹೆಗಲಿಗೇರಿಸಿ ಎಂದಿನಂತೆ ಪಾಠ ಮಾಡಲು ಶಾಲೆಗೆ ಹೊರಟಳು. ಹೊಸ್ತಿಲ ಬಳಿ ನಿಂತು, ಒಲೆಯ ಮುಂದಿದ್ದವಳಿಗೆ ಮೆಲ್ಲಗೆ ಹೇಳಿದಳು:

"ಸಂಜಿಗೆ ಬರ್ತೀನಿ. ನೀ ಜರಾ ಅಡ್ಡಾಗು."